ಒಂದೇ ಪರೀಕ್ಷೆ, ಎರಡು ದೇಹ

ಮೂಡಿಗೆರೆಯ ಜಿಮ್ಮಿಗೆ ಎರಡು ವರ್ಷದಿಂದ ತಪ್ಪದೆ ಹೋಗುತ್ತಿರುವ 28ರ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಆರು ಮೊಟ್ಟೆ, ಮಧ್ಯಾಹ್ನ ಅನ್ನಕ್ಕಿಂತ ಹೆಚ್ಚು ಕೋಳಿ, ಸಂಜೆ ಹಾಲಿನಲ್ಲಿ ಕಲಸಿದ ವ್ಹೇ ಪುಡಿ, ಜೊತೆಗೆ ಒಂದು ಚಮಚ ಕ್ರಿಯಾಟಿನ್. ವಿಮೆಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಅವನ ಸೀರಮ್ ಕ್ರಿಯಾಟಿನಿನ್ ಡೆಸಿಲೀಟರಿಗೆ 1.3 ಮಿಲಿಗ್ರಾಂ ಬಂತು. ಲ್ಯಾಬ್ ಮುದ್ರಿಸಿರುವ ಸಾಮಾನ್ಯ ವ್ಯಾಪ್ತಿ 0.6ರಿಂದ 1.2. ಹಾಗಾಗಿ ಅಂಕಿಯ ಪಕ್ಕದಲ್ಲಿ ‘ಹೆಚ್ಚು’ ಎಂಬ ಗುರುತು ಬಿದ್ದಿದೆ.

ಅದೇ ದಿನ ಅದೇ ಲ್ಯಾಬಿನಲ್ಲಿ, ಕಳಸದ ಕಡೆಯ ತೋಟವೊಂದರ ಲೈನ್ ಮನೆಯಿಂದ ಬಂದ 62ರ ಹೆಂಗಸೊಬ್ಬರೂ ರಕ್ತ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಪ್ರಾಯದಿಂದಲೂ ಕಾಫಿ ಹಣ್ಣು ಕೊಯ್ದವರು, ಸಣಕಲು ಮೈ, ಕೆಲವು ವರ್ಷಗಳಿಂದ ಬಿಪಿ, ಮಂಡಿನೋವಿಗೆ ಆಗಾಗ ಅಂಗಡಿಯಿಂದ ತಂದ ಮಾತ್ರೆ. ಅವರ ಕ್ರಿಯಾಟಿನಿನ್ 1.1. ಪಕ್ಕದಲ್ಲಿ ಯಾವ ಗುರುತೂ ಇಲ್ಲ.

ಯುವಕ ನಿದ್ದೆಗೆಡುತ್ತಾನೆ. ಆ ಪುಡಿ ತಿನ್ನಬೇಡ ಅಂತ ಅವತ್ತೇ ಹೇಳಿದ್ದೆವಲ್ಲ ಎಂದು ಮನೆಯವರು ಬೈಯುತ್ತಾರೆ. ಹೆಂಗಸು ನಿರಾಳವಾಗಿ ಬಸ್ಸು ಹತ್ತುತ್ತಾರೆ. ಆದರೆ ಈ ಎರಡರಲ್ಲಿ ವೈದ್ಯರು ಮೊದಲು ಕೈಗೆತ್ತಿಕೊಳ್ಳಬೇಕಾದ ವರದಿ ಎರಡನೆಯದು. ಹೀಗೇಕೆ ಎಂಬುದು ತಿಳಿಯಬೇಕಾದರೆ ಕ್ರಿಯಾಟಿನಿನ್ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು.

ಸ್ನಾಯುವಿನಲ್ಲಿ ಹುಟ್ಟಿ ಮೂತ್ರದಲ್ಲಿ ಹೋಗುವುದು

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಅದನ್ನು ಹೊರಹಾಕುವುದಷ್ಟೇ ಕಿಡ್ನಿಯ ಕೆಲಸ. ಫ್ರಾನ್ಸಿನ ರಸಾಯನವಿಜ್ಞಾನಿ ಮಿಶೆಲ್ ಶೆವ್ರೊಲ್ 1832ರಲ್ಲಿ ಮಾಂಸದ ಸಾರದಿಂದ ಕ್ರಿಯಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದ. 1847ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಒಂದು ಸ್ವಾರಸ್ಯದ ಸಂಗತಿ ಬರೆದ: ಬೇಟೆಯಲ್ಲಿ ಓಡಿ ಓಡಿ ಸತ್ತ ಕಾಡುನರಿಗಳ ಮಾಂಸದಲ್ಲಿ, ಕೂಡಿಹಾಕಿ ಸಾಕಿದ ನರಿಯ ಮಾಂಸಕ್ಕಿಂತ ಹತ್ತು ಪಟ್ಟು ಹೆಚ್ಚು ಕ್ರಿಯಾಟಿನ್ ಇತ್ತು. ದುಡಿಯುವ ಸ್ನಾಯುವಿಗೂ ಈ ವಸ್ತುವಿಗೂ ನಂಟಿದೆ ಎಂಬುದು ಆಗಲೇ ಕಂಡಿತ್ತು.

ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಿಗೆ ಬೇಕಾದ ಶಕ್ತಿಯನ್ನು ಸ್ನಾಯು ಕ್ರಿಯಾಟಿನ್ ಫಾಸ್ಫೇಟಿನ ರೂಪದಲ್ಲಿ ಇಟ್ಟುಕೊಂಡಿರುತ್ತದೆ. ಈ ದಾಸ್ತಾನಿನ ಶೇ. 1ರಿಂದ 2ರಷ್ಟು ಪ್ರತಿದಿನ ತಾನಾಗಿ ಒಡೆದು ಕ್ರಿಯಾಟಿನಿನ್ ಆಗುತ್ತದೆ, ರಕ್ತಕ್ಕೆ ಸೇರುತ್ತದೆ, ಕಿಡ್ನಿಯ ಜರಡಿಯಿಂದ ಸೋಸಿ ಮೂತ್ರಕ್ಕೆ ಹೋಗುತ್ತದೆ. 1886ರಲ್ಲಿ ಮ್ಯಾಕ್ಸ್ ಯಾಫೆ ಎಂಬ ಜರ್ಮನ್ ವಿಜ್ಞಾನಿ, ಕ್ಷಾರದಲ್ಲಿ ಪಿಕ್ರಿಕ್ ಆಮ್ಲದ ಜೊತೆ ಸೇರಿದಾಗ ಕ್ರಿಯಾಟಿನಿನ್ ಕಿತ್ತಳೆಗೆಂಪು ಬಣ್ಣ ಕೊಡುವುದನ್ನು ಕಂಡುಕೊಂಡ. 1904ರಲ್ಲಿ ಒಟ್ಟೊ ಫೋಲಿನ್ ಅದನ್ನು ಅಳತೆಯ ವಿಧಾನವಾಗಿ ಮಾಡಿದ. ಇಂದಿಗೂ ಎಷ್ಟೋ ಲ್ಯಾಬುಗಳಲ್ಲಿ ನಡೆಯುವುದು ಆ ಬಣ್ಣದ ಪರೀಕ್ಷೆಯ ಸುಧಾರಿತ ರೂಪವೇ. ಕ್ರಿಯಾಟಿನಿನ್ ಅಲ್ಲದ ಕೆಲವು ವಸ್ತುಗಳೂ ಅದೇ ಬಣ್ಣ ಕೊಡುವುದರಿಂದ ಫಲಿತಾಂಶ ಒಂದಿಷ್ಟು ಆಚೀಚೆ ಆಗುವುದುಂಟು. ಎಂಜೈಮು ಬಳಸುವ ಹೊಸ ವಿಧಾನಕ್ಕೆ ಆ ತೊಂದರೆ ಕಡಿಮೆ.

ತೋಟದ ಕೆರೆಯನ್ನು ನೆನೆಯಿರಿ. ನೀರಿನ ಮಟ್ಟ ಏರಿದೆ ಎಂದರೆ ತೂಬು ಕಟ್ಟಿಕೊಂಡಿರಬಹುದು, ಇಲ್ಲವೇ ಮೇಲಿನ ಹಳ್ಳದಿಂದ ಹೆಚ್ಚು ನೀರು ಬರುತ್ತಿರಬಹುದು. ಮಟ್ಟವನ್ನಷ್ಟೇ ನೋಡಿದವನಿಗೆ ಎರಡರಲ್ಲಿ ಯಾವುದೆಂದು ಹೇಳಲಾಗದು. ರಕ್ತದ ಕ್ರಿಯಾಟಿನಿನ್ ಅಂಥದೇ ಮಟ್ಟ. ತೂಬು ಕಿಡ್ನಿ, ಹಳ್ಳ ಸ್ನಾಯು. ಯುವಕನ ಹಳ್ಳದಲ್ಲಿ ನೀರು ಜೋರು. ಹೆಂಗಸಿನ ಹಳ್ಳ ಬತ್ತುತ್ತಾ ಬಂದಿದೆ. ಅಷ್ಟು ಕಡಿಮೆ ನೀರು ಬಂದೂ ಮಟ್ಟ 1.1ಕ್ಕೆ ನಿಂತಿದೆ ಎಂದರೆ ತೂಬನ್ನು ಪರೀಕ್ಷಿಸಲೇಬೇಕು.

ತಟ್ಟೆಯಿಂದ ವರದಿಗೆ

ಹೆಚ್ಚು ಪ್ರೋಟೀನ್ ತಿಂದು ಕಸರತ್ತು ಮಾಡುವವರ ವರದಿಯಲ್ಲಿ ನಾಲ್ಕು ಕಡೆ ಅಂಕಿಗಳು ಅಲುಗಾಡುತ್ತವೆ.

ಮೊದಲನೆಯದು ಯೂರಿಯಾ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕ. ದೇಹ ಕಟ್ಟಲು ಬಳಕೆಯಾಗದೆ ಉಳಿದ ಸಾರಜನಕವನ್ನು ಪಿತ್ತಜನಕಾಂಗ ಯೂರಿಯಾ ಮಾಡಿ ಕಳಿಸುತ್ತದೆ. 100 ಗ್ರಾಂ ಪ್ರೋಟೀನಿನ ಸಾರಜನಕವೆಲ್ಲ ಯೂರಿಯಾ ಆದರೆ ಅದು ಸುಮಾರು 34 ಗ್ರಾಂ. ಹಾಗಾಗಿ ಕಿಡ್ನಿ ಚೆನ್ನಾಗಿದ್ದರೂ ಹೆಚ್ಚು ಪ್ರೋಟೀನ್ ತಿನ್ನುವವರ ಯೂರಿಯಾ ಗಡಿ ದಾಟಬಹುದು. ನೀರು ಕಡಿಮೆ ಕುಡಿದಿದ್ದರೆ ಇನ್ನೂ ಏರುತ್ತದೆ. ಇಲ್ಲೊಂದು ಗೊಂದಲಕ್ಕೂ ಎಡೆಯಿದೆ. ಕೆಲವು ಲ್ಯಾಬುಗಳು ಬ್ಲಡ್ ಯೂರಿಯಾ ಎಂದು ಕೊಡುತ್ತವೆ, ಕೆಲವು ಯೂರಿಯಾದೊಳಗಿನ ಸಾರಜನಕವನ್ನಷ್ಟೇ ಲೆಕ್ಕಹಾಕಿ ಬಿಯುಎನ್ ಎಂದು ಕೊಡುತ್ತವೆ. ಬಿಯುಎನ್ 20 ಎಂದರೆ ಯೂರಿಯಾ ಸುಮಾರು 43. ಎರಡು ಲ್ಯಾಬಿನ ವರದಿ ಪಕ್ಕದಲ್ಲಿಟ್ಟು, ಒಂದು ತಿಂಗಳಲ್ಲಿ ದುಪ್ಪಟ್ಟಾಯಿತು ಎಂದು ಹೆದರುವ ಮೊದಲು ಯಾವುದನ್ನು ಅಳೆದಿದ್ದಾರೆ ಎಂದು ಓದಬೇಕು.

ಎರಡನೆಯದು ಬೇಯಿಸಿದ ಮಾಂಸ. ಮಾಂಸದಲ್ಲಿ ಕ್ರಿಯಾಟಿನ್ ಇದ್ದೇ ಇರುತ್ತದೆ. ಬೆಂಕಿಯ ಮೇಲೆ ಹೊತ್ತು ಬೆಂದಷ್ಟೂ ಅದರ ಒಂದು ಪಾಲು ಕ್ರಿಯಾಟಿನಿನ್ ಆಗಿ ಮಾರ್ಪಡುತ್ತದೆ, ಊಟವಾದ ಮೇಲೆ ನೇರ ರಕ್ತಕ್ಕೆ ಬರುತ್ತದೆ. ಕಡುಬಿನ ಜೊತೆ ಹಂದಿ ಮಾಂಸ, ಅಕ್ಕಿ ರೊಟ್ಟಿಯ ಜೊತೆ ನಾಟಿಕೋಳಿ ಸಾರು ಹೊಟ್ಟೆತುಂಬ ಉಂಡ ಕೆಲವೇ ಗಂಟೆಗಳಲ್ಲಿ ರಕ್ತ ಕೊಟ್ಟರೆ ಅಂಕಿ ತಾತ್ಕಾಲಿಕವಾಗಿ ಮೇಲೇರಿರುತ್ತದೆ.

ಮೂರನೆಯದು ಕ್ರಿಯಾಟಿನ್ ಪುಡಿ. ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಳ್ಳುವ ಆರೋಗ್ಯವಂತರಲ್ಲಿ ಅದು ಕಿಡ್ನಿಯ ಸೋಸುವ ಶಕ್ತಿಯನ್ನು ಕುಗ್ಗಿಸಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ದಾಸ್ತಾನು ಹೆಚ್ಚಿದಂತೆ ಅದು ಒಡೆದು ಬರುವ ಕ್ರಿಯಾಟಿನಿನ್ನೂ ತುಸು ಹೆಚ್ಚುತ್ತದೆ.

ನಾಲ್ಕನೆಯದು ವ್ಯಾಯಾಮ. ಜಿಮ್ಮಿನ ಕಾಲಿನ ಕಸರತ್ತಾಗಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 50, 100 ಕಿಲೋಮೀಟರ್ ಓಡಿಸುವ ಮಲ್ನಾಡ್ ಅಲ್ಟ್ರಾದಂಥ ಓಟವಾಗಲಿ, 50 ಕಿಲೋ ಕಾಫಿ ಚೀಲವನ್ನು ಕಣದಿಂದ ಲಾರಿಗೆ ಹೊರುವ ಕೆಲಸವಾಗಲಿ, ಮೈ ಮುರಿಯುವ ದುಡಿಮೆಯ ಬೆನ್ನಿಗೆ ಕ್ರಿಯಾಟಿನಿನ್ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಾಣಿಸುತ್ತದೆ. ವಿಶ್ರಾಂತಿ ಸಿಕ್ಕರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮೂತ್ರ ತಿಳಿಯಾಗುತ್ತದೆ.

ಇವೆಲ್ಲದರ ಮೇಲೆ ಇನ್ನೊಂದು ಮಾತು. ಸಾಮಾನ್ಯ ವ್ಯಾಪ್ತಿಯನ್ನು ನಿಗದಿ ಮಾಡುವ ವಾಡಿಕೆಯೇ, ಆರೋಗ್ಯವಂತರ ನಡುವಿನ ಶೇ. 95 ಮಂದಿಯನ್ನು ಒಳಗಿಟ್ಟು ಎರಡು ತುದಿಗಳನ್ನು ಹೊರಗಿಡುವುದು. ಎಂದರೆ ಯಾವ ರೋಗವೂ ಇಲ್ಲದ 40 ಮಂದಿಯಲ್ಲಿ ಒಬ್ಬರು ಮೇಲಿನ ಗಡಿಯಾಚೆ ಇದ್ದೇ ಇರುತ್ತಾರೆ.

ಅಂಕಿಯಿಂದ ಅಂದಾಜಿಗೆ

ಎರಡು ಕಿಡ್ನಿಗಳಲ್ಲಿ ಸೇರಿ ಸುಮಾರು 20 ಲಕ್ಷ ಸೂಕ್ಷ್ಮ ಜರಡಿಗಳಿವೆ. ದಿನಕ್ಕೆ 180 ಲೀಟರ್ ದ್ರವ ಅವುಗಳಲ್ಲಿ ಸೋಸಿ ಇಳಿಯುತ್ತದೆ. ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಬಿಟ್ಟು ಉಳಿದದ್ದನ್ನು ದೇಹ ಮರಳಿ ಹೀರಿಕೊಳ್ಳುತ್ತದೆ. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬುದೇ ಜಿಎಫ್‌ಆರ್. ಅದನ್ನು ನೇರ ಅಳೆಯುವುದು ತ್ರಾಸದ ಕೆಲಸವಾದ್ದರಿಂದ ಕ್ರಿಯಾಟಿನಿನ್, ವಯಸ್ಸು, ಲಿಂಗಗಳನ್ನು ಸೂತ್ರಕ್ಕೆ ಹಾಕಿ ಅಂದಾಜು ಮಾಡುತ್ತಾರೆ. ವರದಿಯಲ್ಲಿರುವ ಇಜಿಎಫ್‌ಆರ್ ಅದೇ. 1976ರ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಿಂದ 2021ರ ಸಿಕೆಡಿ-ಎಪಿ ಸೂತ್ರದವರೆಗೆ ಈ ಲೆಕ್ಕ ಹಲವು ಬಾರಿ ತಿದ್ದುಪಡಿಯಾಗಿದೆ.

2021ರ ಸೂತ್ರದಲ್ಲಿ ನಮ್ಮ ಇಬ್ಬರನ್ನೂ ಹಾಕಿ ನೋಡೋಣ. 28ರ ಗಂಡಸು, ಕ್ರಿಯಾಟಿನಿನ್ 1.3: ಇಜಿಎಫ್‌ಆರ್ ಸುಮಾರು 77. 62ರ ಹೆಂಗಸು, ಕ್ರಿಯಾಟಿನಿನ್ 1.1: ಸುಮಾರು 57. ಕಿಡ್ನಿ ರೋಗದ ಅನುಮಾನ ಶುರುವಾಗುವುದು 60ರ ಕೆಳಗೆ. ಗುರುತು ಬಿದ್ದವನು ಆ ಗಡಿಯಿಂದ ಬಹಳ ಮೇಲಿದ್ದಾನೆ. ಗುರುತಿಲ್ಲದವರು ಅದರ ಕೆಳಗಿದ್ದಾರೆ.

ಸೂತ್ರಕ್ಕೆ ವಯಸ್ಸು, ಲಿಂಗ ಗೊತ್ತು. ಸ್ನಾಯು ಎಷ್ಟಿದೆ ಎಂಬುದು ಗೊತ್ತಿಲ್ಲ. ಅದು ಸರಾಸರಿ ಮೈಕಟ್ಟನ್ನು ಊಹಿಸಿಕೊಳ್ಳುತ್ತದೆ. ಆದ್ದರಿಂದ ಸ್ನಾಯು ತುಂಬಿದ ಯುವಕನ ನಿಜವಾದ ಸೋಸುವಿಕೆ 77ಕ್ಕಿಂತ ಹೆಚ್ಚಿರಬಹುದು, ಸಣಕಲು ಹೆಂಗಸಿನದು 57ಕ್ಕಿಂತಲೂ ಕಡಿಮೆ ಇರಬಹುದು. ಚಂಡೀಗಢದ ಪಿಜಿಐಎಂಇಆರ್ ಸಂಸ್ಥೆಯ ಸಂಶೋಧಕರು ಜಿಎಫ್‌ಆರ್ ಅನ್ನು ನೇರವಾಗಿ ಅಳೆದು ಸೂತ್ರಗಳೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಶ್ಚಿಮದ ಸೂತ್ರಗಳು ಭಾರತೀಯರ ಕಿಡ್ನಿಯ ಶಕ್ತಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ ಎಂದು ಕಂಡುಬಂತು. ನಮ್ಮವರ ಸ್ನಾಯುವೂ ಕಡಿಮೆ, ತಿನ್ನುವ ಪ್ರೋಟೀನೂ ಕಡಿಮೆ. ಸ್ನಾಯುವನ್ನು ಲೆಕ್ಕಕ್ಕೆ ಹಿಡಿಯದ ಸೂತ್ರದ ದೋಷ ಜಿಮ್ಮಿನ ಹುಡುಗನ ಮಟ್ಟಿಗೆ ಬೇಡದ ಭಯ ಹುಟ್ಟಿಸುತ್ತದೆ. ಅವನ ತಾಯಿಯ ವಯಸ್ಸಿನವರ ಮಟ್ಟಿಗೆ ಅದು ಬರಬೇಕಾದ ಎಚ್ಚರವನ್ನೇ ತಡೆಯುತ್ತದೆ.

ಇನ್ನೆರಡು ಪರೀಕ್ಷೆಗಳು

ಗಡಿಯಲ್ಲಿರುವ ಕ್ರಿಯಾಟಿನಿನ್ನನ್ನು ಒಂಟಿಯಾಗಿ ನಂಬುವಂತಿಲ್ಲ. ಜೊತೆಗೆ ಎರಡು ಪರೀಕ್ಷೆ ಬೇಕು.

ಒಂದು, ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ವೈದ್ಯರ ಬಾಯಲ್ಲಿ ಎಸಿಆರ್. ಕಿಡ್ನಿಯ ಜರಡಿ ಗಟ್ಟಿಯಾಗಿದ್ದರೆ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಹೊರಹೋಗುವುದಿಲ್ಲ. ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂ ದಾಟಿದರೆ ಜರಡಿ ಸೋರುತ್ತಿದೆ ಎಂಬ ಅನುಮಾನ. ಎಷ್ಟೋ ಸಲ ಜಿಎಫ್‌ಆರ್ ಇಳಿಯುವ ಮೊದಲೇ ಈ ಸೋರಿಕೆ ಸಿಕ್ಕಿಬೀಳುತ್ತದೆ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು.

ಇನ್ನೊಂದು, ಸಿಸ್ಟಾಟಿನ್ ಸಿ. ಇದೊಂದು ಪುಟ್ಟ ಪ್ರೋಟೀನ್. ಕೋಶಕೇಂದ್ರವಿರುವ ದೇಹದ ಎಲ್ಲ ಜೀವಕೋಶಗಳೂ ಇದನ್ನು ತಯಾರಿಸುತ್ತವೆ. ಹಾಗಾಗಿ ಸ್ನಾಯುವಿನ ಗಾತ್ರ, ನಿನ್ನೆಯ ಕೋಳಿ ಸಾರು ಇದನ್ನು ಹೆಚ್ಚು ಅಲುಗಿಸಲಾರವು. ಥೈರಾಯ್ಡ್ ತೊಂದರೆ, ಸ್ಟಿರಾಯ್ಡ್ ಔಷಧಿ, ಬೊಜ್ಜು, ಉರಿಯೂತ, ಬೀಡಿ–ಸಿಗರೇಟು ಇದನ್ನು ಏರುಪೇರು ಮಾಡುವುದರಿಂದ ಅವನ್ನೂ ವೈದ್ಯರಿಗೆ ಹೇಳಬೇಕು. ಕ್ರಿಯಾಟಿನಿನ್ ಗಡಿ ದಾಟಿ ಸಿಸ್ಟಾಟಿನ್ ಸಿ ಸಹಜವಾಗಿದ್ದು ಆಲ್ಬುಮಿನ್ ಸೋರಿಕೆಯೂ ಇಲ್ಲದಿದ್ದರೆ, ಹೆಚ್ಚಿನ ಮಟ್ಟಿಗೆ ಅದು ಸ್ನಾಯುವಿನ ಕಥೆ. ಸಿಸ್ಟಾಟಿನ್ ಸಿಯೂ ಏರಿದ್ದರೆ ಕಿಡ್ನಿಯ ಕಡೆಗೇ ನೋಡಬೇಕು.

ಮರುಪರೀಕ್ಷೆಗೆ ಹೋಗುವ ರೀತಿಯೂ ಮುಖ್ಯ. ಮೊದಲಿನ ಎರಡು ಮೂರು ದಿನ ಭಾರದ ಕಸರತ್ತು ಬೇಡ. ಹಿಂದಿನ ದಿನ ಮಾಂಸ ಬೇಡ. ನೀರು ಸಾಕಷ್ಟು ಕುಡಿದಿರಬೇಕು. ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಬಾಯಾರಿಕೆಯೇ ಗೊತ್ತಾಗುವುದಿಲ್ಲ ಎಂಬುದು ನೆನಪಿರಲಿ. ಕ್ರಿಯಾಟಿನ್ ಪುಡಿಯನ್ನು ಕೆಲವು ವಾರ ನಿಲ್ಲಿಸಿ ನೋಡುವ ಬಗ್ಗೆ ವೈದ್ಯರನ್ನು ಕೇಳಬೇಕು. ಜ್ವರ, ಭೇದಿ ಇದ್ದಾಗ ಬೇಡ. ಸಾಧ್ಯವಾದಷ್ಟೂ ಅದೇ ಲ್ಯಾಬಿಗೆ ಹೋಗಬೇಕು. ದೀರ್ಘಕಾಲದ ಕಿಡ್ನಿ ರೋಗ ಎನ್ನಬೇಕಾದರೆ ಇಜಿಎಫ್‌ಆರ್ 60ಕ್ಕಿಂತ ಕಡಿಮೆ ಇರುವುದು, ಇಲ್ಲವೇ ಆಲ್ಬುಮಿನ್ ಸೋರಿಕೆಯಂಥ ಹಾನಿಯ ಗುರುತು, ಮೂರು ತಿಂಗಳಿಗೂ ಮೀರಿ ಉಳಿದಿರಬೇಕು ಎಂಬುದು ಅಂತರರಾಷ್ಟ್ರೀಯ ವ್ಯಾಖ್ಯೆ. ಒಂದು ಬೆಳಗಿನ ಒಂದು ಸಿರಿಂಜು ರಕ್ತ ಅದನ್ನು ಹೇಳಲಾರದು.

ಪ್ರೋಟೀನ್ ಕಿಡ್ನಿಯನ್ನು ಕೆಡಿಸುತ್ತದೆಯೇ?

ಪ್ರೋಟೀನ್ ಹೆಚ್ಚು ತಿಂದಾಗ ಕಿಡ್ನಿ ಹೆಚ್ಚು ಸೋಸುತ್ತದೆ. ಈ ಅತಿ ಸೋಸುವಿಕೆ ವರ್ಷಗಟ್ಟಲೆ ನಡೆದರೆ ಜರಡಿಗಳು ಸವೆದಾವು ಎಂಬ ವಾದವನ್ನು 1982ರಲ್ಲಿ ಅಮೆರಿಕದ ಬ್ಯಾರಿ ಬ್ರೆನರ್ ಮತ್ತು ಸಂಗಡಿಗರು ಮುಂದಿಟ್ಟರು. ಆ ಭಯ ಎಷ್ಟು ನಿಜ?

ಅಮೆರಿಕದ ನರ್ಸುಗಳ ಆರೋಗ್ಯ ಅಧ್ಯಯನದಲ್ಲಿ 1,624 ಮಹಿಳೆಯರನ್ನು 11 ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶ ಎರಡು ಭಾಗದಲ್ಲಿದೆ. ಕಿಡ್ನಿ ಸಹಜವಾಗಿದ್ದವರಲ್ಲಿ ಹೆಚ್ಚು ಪ್ರೋಟೀನಿಗೂ ಕಿಡ್ನಿಯ ಕುಸಿತಕ್ಕೂ ಸಂಬಂಧ ಕಾಣಲಿಲ್ಲ. ಮೊದಲೇ ಸ್ವಲ್ಪ ಕುಗ್ಗಿದ್ದವರಲ್ಲಿ ಕಂಡಿತು. 2018ರಲ್ಲಿ 28 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೂ, ಆರೋಗ್ಯವಂತರಲ್ಲಿ ಹೆಚ್ಚು ಪ್ರೋಟೀನ್ ಸೋಸುವಿಕೆಯನ್ನು ಕೆಡಿಸಲಿಲ್ಲ ಎಂದಿತು. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ವಾರಗಳ, ತಿಂಗಳುಗಳ ಲೆಕ್ಕದವು. ಇಪ್ಪತ್ತು ವರ್ಷದ ಭರವಸೆಯನ್ನು ಅವು ಕೊಡಲಾರವು. ಕಿಡ್ನಿ ರೋಗ ಇದ್ದು ಅದು ಮುಂದುವರಿಯುವ ಅಪಾಯವಿರುವವರು ದಿನಕ್ಕೆ ಕಿಲೋ ತೂಕಕ್ಕೆ 1.3 ಗ್ರಾಂ ಮೀರಬಾರದು ಎಂದು ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದಲೇ ಪುಡಿಯ ಡಬ್ಬ ಒಡೆಯುವ ಮೊದಲು ಕಿಡ್ನಿ ಹೇಗಿದೆ ಎಂದು ಒಮ್ಮೆ ನೋಡಿಸಿಕೊಳ್ಳುವುದು ಜಾಣತನ.

ಎಷ್ಟು ಬೇಕು? ದೇಶದ ಪೌಷ್ಟಿಕತೆಯ ಸಂಶೋಧನಾ ಸಂಸ್ಥೆ ಐಸಿಎಂಆರ್–ಎನ್‌ಐಎನ್ 2020ರಲ್ಲಿ ಹೇಳಿದ್ದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. 70 ಕಿಲೋ ಮನುಷ್ಯನಿಗೆ 58 ಗ್ರಾಂ. ಭಾರ ಎತ್ತುವವರಲ್ಲಿ ಸ್ನಾಯುವಿನ ಲಾಭ ಕಿಲೋಗೆ 1.6 ಗ್ರಾಂ ಆಸುಪಾಸಿನಲ್ಲಿ ನಿಂತುಬಿಡುತ್ತದೆ ಎಂದು 49 ಪ್ರಯೋಗಗಳ 2018ರ ವಿಶ್ಲೇಷಣೆ ತೋರಿಸಿತು. ಅದೇ ಮನುಷ್ಯನಿಗೆ 112 ಗ್ರಾಂ. ಅದರ ಮೇಲೆ ತಿಂದದ್ದರಿಂದ ತೋಳು ದಪ್ಪವಾಗುವ ಬದಲು ಯೂರಿಯಾ ಹೆಚ್ಚುತ್ತದೆ. ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಹುರುಳಿಕಾಳಿಗೆ ಸುಮಾರು 22 ಗ್ರಾಂ, ಒಂದು ಲೋಟ ಹಾಲಿಗೆ 6–7 ಗ್ರಾಂ ಪ್ರೋಟೀನಿದೆ. ಮಲೆನಾಡಿನ ಅಡುಗೆಮನೆಯಲ್ಲೇ ಇದರ ಬಹುಪಾಲು ಹೊಂದುತ್ತದೆ.

ಡಬ್ಬದ ಬಗ್ಗೆ ಎಚ್ಚರ ಬೇಕಾದದ್ದು ಬೇರೆ ಕಾರಣಕ್ಕೆ. ಕೇರಳದ ವೈದ್ಯರ ನೇತೃತ್ವದ ತಂಡ ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಶೇ. 70ರಲ್ಲಿ ಲೇಬಲ್ಲಿನ ಮಾತಿಗೂ ಒಳಗಿನ ಪುಡಿಗೂ ತಾಳೆಯಾಗಲಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಮೈ ಉಬ್ಬಿಸುವ ಅನಬಾಲಿಕ್ ಸ್ಟಿರಾಯ್ಡ್. ಅದನ್ನು ವರ್ಷಗಟ್ಟಲೆ ಬಳಸಿದ ಹತ್ತು ದೇಹದಾರ್ಢ್ಯಪಟುಗಳಲ್ಲಿ ಒಂಬತ್ತು ಮಂದಿಯ ಕಿಡ್ನಿಯ ಜರಡಿಗಳಲ್ಲಿ ಕಲೆಗಟ್ಟಿದ ಹಾನಿಯನ್ನು 2010ರಲ್ಲಿ ಅಮೆರಿಕದ ವೈದ್ಯರು ವಿವರಿಸಿದ್ದಾರೆ. ಇದನ್ನು ತೆಗೆದುಕೊಂಡಿದ್ದರೆ ನಾಚಿಕೆಗೆ ಮುಚ್ಚಿಡದೆ ವೈದ್ಯರಿಗೆ ಹೇಳಿಬಿಡಬೇಕು. ಅದು ಗೊತ್ತಾಗದೆ ವರದಿಯನ್ನು ಓದುವುದೇ ಸಾಧ್ಯವಿಲ್ಲ.

ಕಾಯಬಾರದ ದಿನ

ಗಡಿಯ ಅಂಕಿಗೆ ತಾಳ್ಮೆ ಬೇಕು. ಕೆಲವು ಲಕ್ಷಣಗಳಿಗೆ ತಾಳ್ಮೆ ಸಲ್ಲದು. ಹೊಸ ಕಸರತ್ತಿನ ಬೆನ್ನಿಗೆ ಸ್ನಾಯುಗಳು ಊದಿ ಮುಟ್ಟಲಾಗದಷ್ಟು ನೋವಾಗಿ ಮೂತ್ರ ಕಪ್ಪು ಕಷಾಯದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿರಬಹುದು. ಅದು ಕಿಡ್ನಿಯನ್ನು ದಿನಗಳಲ್ಲೇ ನಿಲ್ಲಿಸಬಲ್ಲದು. ಮಳೆಗಾಲದಲ್ಲಿ ಗದ್ದೆ, ಹಳ್ಳದ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗಿ ಮೂತ್ರ ಕಡಿಮೆಯಾದರೆ ಇಲಿಜ್ವರದ ಅನುಮಾನ ಪಡಬೇಕು. ಎರಡು ದಿನದಲ್ಲಿ ಕ್ರಿಯಾಟಿನಿನ್ 0.3 ಏರಿದರೂ ಅದು ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದದ್ದರ ಗುರುತು.

ಇನ್ನು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಬೆವರಿ ಒಣಗಿದ ಮೈಗೆ, ಬಿಪಿ ಇರುವವರಿಗೆ, ವಯಸ್ಸಾದವರಿಗೆ ಅವು ಹೆಚ್ಚು ಅಪಾಯಕಾರಿ. ಮರಗಸಿ, ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಒಂದು ಮಾತ್ರೆ ನುಂಗಿ ಮಲಗುವ ಅಭ್ಯಾಸ ಹುಡುಗನ ವ್ಹೇ ಪುಡಿಗಿಂತ ಎಷ್ಟೋ ಹೆಚ್ಚು ಕಾಳಜಿಗೆ ತಕ್ಕದ್ದು.

ಈ ಬೆಟ್ಟಗಳಲ್ಲಿ ಇಂಥ ವಿವೇಚನೆಗೆ ಬೆಲೆ ಹೆಚ್ಚು. ಕಳಸದವರಿಗೆ ಮಣಿಪಾಲ, ಮೂಡಿಗೆರೆಯವರಿಗೆ ಮಂಗಳೂರು ಎಂದರೆ ಘಟ್ಟ ಇಳಿಯಬೇಕು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತದ್ದನ್ನು ಇಲ್ಲಿನವರು ಮರೆತಿಲ್ಲ. ಇಂದೇ ಹೊರಡಬೇಕಾದದ್ದು ಯಾವುದು, ಎರಡು ವಾರ ಬಿಟ್ಟು ಇಲ್ಲೇ ಮರುಪರೀಕ್ಷೆ ಮಾಡಿಸಬಹುದಾದದ್ದು ಯಾವುದು ಎಂಬ ತಿಳಿವಳಿಕೆ ಒಂದು ದಿನದ ಕೂಲಿಯನ್ನೂ ಉಳಿಸೀತು, ಒಂದು ಜೀವವನ್ನೂ ಉಳಿಸೀತು.

ಕೊನೆಯದಾಗಿ ಹೇಳಬೇಕಾದದ್ದು ಹಳೆಯ ವರದಿಗಳ ಬಗ್ಗೆ. ಐದು ವರ್ಷದಿಂದ 1.3ರಲ್ಲೇ ನಿಂತಿರುವ ಕ್ರಿಯಾಟಿನಿನ್ನಿಗಿಂತ 0.7, 0.9, 1.1 ಎಂದು ವರ್ಷ ವರ್ಷ ಏರುತ್ತಾ ಬಂದದ್ದು ಬಹಳ ಹೆಚ್ಚು ಅಪಾಯದ ಮುನ್ಸೂಚನೆ, ಅದರ ಒಂದೊಂದು ಅಂಕಿಯೂ ಸಾಮಾನ್ಯ ವ್ಯಾಪ್ತಿಯ ಒಳಗೇ ಇದ್ದರೂ. ಆದ್ದರಿಂದ ವರದಿಗಳನ್ನು ಎಸೆಯಬೇಡಿ, ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿಡಿ, ವೈದ್ಯರ ಬಳಿ ಹೋಗುವಾಗ ಅದನ್ನೇ ಒಯ್ಯಿರಿ. ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೂ ಅಂಥದೊಂದು ಫೈಲು ಮಾಡಿ, ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಜೊತೆ ಮೂತ್ರದ ಎಸಿಆರ್ ಮಾಡಿಸಿ. ಕಿಡ್ನಿ ಬಹುತೇಕ ಸೋಲುವ ತನಕ ನೋವು ಕೊಡುವುದಿಲ್ಲ. ಅದರ ಸುದ್ದಿ ಮೊದಲೇ ಸಿಗುವುದು ಹೀಗೆ ಸಾಲಾಗಿ ಜೋಡಿಸಿಟ್ಟ ಅಂಕಿಗಳಲ್ಲಿ ಮಾತ್ರ.